ಮೂರನೆಯ ಪಿನ್ನು

ಬಾಗಿಲ ಹೊರಗೆ ಒಂಬತ್ತು ಜೊತೆ ಚಪ್ಪಲಿಗಳು ಗೋಡೆಗೆ ಒತ್ತಿಕೊಂಡು ಸಾಲಾಗಿದ್ದವು. ಎಂಟು ಜೊತೆ ಕಲಿಯುವವರದು, ಒಂದು ಟೀಚರಮ್ಮನದು. ಕಂಪ್ಯೂಟರ್ ಕೋಣೆಗೆ ಧೂಳು ಬರಬಾರದು, ಬರಿಗಾಲಲ್ಲೇ ಒಳಗೆ ಬರಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು. ರಿಪೇರಿಯವನಿಗೆ ಮಾತ್ರ ಅದರಿಂದ ವಿನಾಯಿತಿ. ಅವನು ತನ್ನ ದಪ್ಪ ರಬ್ಬರ್ ಚಪ್ಪಲಿಯನ್ನು ಪಟಪಟ ಬಡಿಯುತ್ತ ಬಂದರೆ ಸಾಕು, ಒಳಗಿದ್ದವರೆಲ್ಲ ಸದ್ದಿನಲ್ಲೇ ಗುರುತು ಹಿಡಿದು ನಗುತ್ತಿದ್ದರು. ಟೀಚರಮ್ಮನಿಂದ ಹಿಡಿದು ಕೊನೆಯ ಬೆಂಚಿನವರೆಗೆ ಅಲ್ಲಿ ಯಾರಿಗೂ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಕಂಪ್ಯೂಟರುಗಳ ಮುಂದೆ ಕೂತು ಅವರು ಪತ್ರ ಬರೆಯುವುದನ್ನು, ಲೆಕ್ಕ ಹಾಕುವುದನ್ನು ಕಲಿಯುತ್ತಿದ್ದರು.

ಊರಿನ ಅರ್ಧ ಅಂಗಡಿಗಳಲ್ಲಿ ರಿಪೇರಿಯವನಿಗೆ ‘ನಡೆಯುತ್ತೆ ಅಣ್ಣ’ ಎಂದೇ ಹೆಸರು. ಮುರಿದ ಕೀಬೋರ್ಡನ್ನು ತೋರಿಸಿದರೂ, ಕೆಮ್ಮುವ ಪ್ರಿಂಟರನ್ನು ತೋರಿಸಿದರೂ ಅವನ ಬಾಯಿಂದ ಮೊದಲು ಬರುವ ಮಾತು ‘ನಡೆಯುತ್ತೆ ಬಿಡಿ’. ಜನಕ್ಕೂ ಅದೇ ಬೇಕಿತ್ತು. ಆಗುವುದಿಲ್ಲ ಎನ್ನುವ ರಿಪೇರಿಯವನನ್ನು ಯಾರು ತಾನೆ ಇಷ್ಟಪಡುತ್ತಾರೆ! ಅವನಲ್ಲಿ ಕಪಟವಿರಲಿಲ್ಲ. ಕೈ ಚುರುಕು, ಮಾತು ಸಿಹಿ, ಕರೆದಲ್ಲಿಗೆ ಬರುತ್ತಿದ್ದ. ಗೊತ್ತಿಲ್ಲ ಎಂಬ ಒಂದು ಮಾತು ಮಾತ್ರ ಅವನ ನಾಲಗೆಯ ಮೇಲೆ ಹೊರಳುತ್ತಿರಲಿಲ್ಲ.

ಆ ದಿನ ಐದನೆಯ ಕಂಪ್ಯೂಟರ್ ಸತ್ತುಹೋಗಿತ್ತು. ಗೋಡೆಯ ಕರೆಂಟನ್ನು ತೆಗೆದುಕೊಂಡು ಯಂತ್ರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಹದವಾಗಿ ಹಂಚುವ ಒಂದು ತಗಡಿನ ಡಬ್ಬಿ ಪ್ರತಿ ಕಂಪ್ಯೂಟರಿನ ಬೆನ್ನಲ್ಲೂ ಇರುತ್ತದೆ. ಅದೇ ಪವರ್ ಸಪ್ಲೈ. ಐದನೆಯದರ ಡಬ್ಬಿ ಸುಟ್ಟಿತ್ತು. ಅವನು ತನ್ನ ಚೀಲದಿಂದ ಇನ್ನೊಂದನ್ನು ತೆಗೆದ. ಯಾವುದೋ ಆಫೀಸಿನಲ್ಲಿ ಹಳೆಯದೆಂದು ಎಸೆದಿದ್ದ ಎರಡು ಡಬ್ಬಿಗಳನ್ನು ಅವನು ತಂದಿಟ್ಟುಕೊಂಡಿದ್ದ. ಇದು ಅವುಗಳಲ್ಲಿ ಒಂದು. ಮೇಲಿನ ಮುಚ್ಚಳ ತೆಗೆದು ನೋಡಿದಾಗ ಒಳಗಿನ ಫ್ಯೂಸ್ ಮಾತ್ರ ಹೋಗಿತ್ತು. ಫ್ಯೂಸಿನ ಜಾಗಕ್ಕೆ ಒಂದು ಎಳೆ ತಂತಿ ಬೆಸೆದು, ಫ್ಯಾನ್ ತಿರುಗಿದ್ದನ್ನು ಕಂಡು, ಡಬ್ಬಿ ಬದುಕಿತು ಎಂದುಕೊಂಡಿದ್ದ.

ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಎದ್ದರು. ಮೊದಲ ಬೆಂಚಿನ ಟೈಲರ್ ಅಕ್ಕ ಮಾತ್ರ ಗೋಡೆ ಸವರುತ್ತ ಅವನ ಹತ್ತಿರ ಬಂದರು. ಮೂವತ್ತು ವರ್ಷ ಬಟ್ಟೆ ಹೊಲಿದು, ಐವತ್ತು ದಾಟಿದ ಮೇಲೆ ಕಣ್ಣು ಕಳೆದುಕೊಂಡ ಹೆಂಗಸು ಅವರು. ಬೆರಳ ತುದಿಯಲ್ಲಿ ಒಂದು ನೂಲಿನ ವ್ಯತ್ಯಾಸವನ್ನೂ ಹಿಡಿಯಬಲ್ಲವರು.

“ತಮ್ಮಾ, ನನ್ನ ಕಂಪ್ಯೂಟರಿನ ಡಬ್ಬ ಕಚ್ಚೋದು ಹೆಚ್ಚಾಗಿದೆಯಪ್ಪ. ಮೊದಲು ಇರುವೆ ಹರಿದ ಹಾಗಿರ್ತಿತ್ತು. ಈಗ ಮೊಣಕೈವರೆಗೆ ಬರುತ್ತೆ” ಎಂದರು.

ಆ ಮಾತು ಅವನಿಗೆ ಹೊಸದಲ್ಲ. ನಾಲ್ಕು ತಿಂಗಳ ಹಿಂದೆ ಮೊದಲ ಸಲ ಹೀಗೆ ಹೇಳಿದಾಗಲೇ ಅವನು ತಮಾಷೆ ಮಾಡಿದ್ದ. ಒಳ್ಳೆಯದೇ ಆಯಿತಲ್ಲ ಅಕ್ಕ, ನೀವು ಲೈಟು ನೋಡುವ ಹಾಗಿಲ್ಲ, ಕೈಯಿಟ್ಟಾಗ ಜುಮ್ ಅಂದರೆ ಕರೆಂಟ್ ಬಂತು ಅಂತ ತಿಳಿದುಕೊಳ್ಳಿ ಎಂದಿದ್ದ. ಎಲ್ಲರೂ ನಕ್ಕಿದ್ದರು. ನಕ್ಕವರು ಅಲ್ಲಿಗೆ ಬಿಡದೆ ಅದನ್ನೇ ರೂಢಿ ಮಾಡಿಕೊಂಡರು. ಕರೆಂಟ್ ಹೋದಾಗ ಎಂಟು ಜನವೂ ತಮ್ಮ ತಮ್ಮ ಕಂಪ್ಯೂಟರಿನ ತಗಡಿನ ಮೇಲೆ ಅಂಗೈ ಊರಿ ಕಾಯುತ್ತಿದ್ದರು. ಯಾರಿಗೆ ಮೊದಲು ಜುಮ್ಮೆನ್ನುತ್ತದೋ ಅವರು “ಬಂತು” ಎಂದು ಕೂಗುತ್ತಿದ್ದರು.

ಇವತ್ತೂ ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೆಯ ಯಂತ್ರಗಳು ಅಕ್ಕ, ಸ್ವಲ್ಪ ಚೇಷ್ಟೆ ಇದ್ದೇ ಇರುತ್ತೆ, ನಡೆಯುತ್ತೆ ಬಿಡಿ ಎಂದು ಹೇಳಿ, ಡಬ್ಬಿ ಕೂರಿಸಿ, ಚೀಲ ಹೆಗಲಿಗೇರಿಸಿ ಹೊರಟ. ಕೆಲಸಕ್ಕೆಂದು ಹಾಕಿಕೊಂಡಿದ್ದ ಟ್ಯೂಬ್‌ಲೈಟನ್ನು ಆರಿಸುವುದು ಮರೆತುಹೋಯಿತು. ಅದು ಉರಿದರೂ ಆರಿದರೂ ಆ ಕೋಣೆಯಲ್ಲಿ ಕೇಳುವವರಿರಲಿಲ್ಲ.

ಅಂಗಡಿಗೆ ಬಂದು ಊಟ ಮುಗಿಸಿ ಎರಡನೆಯ ಡಬ್ಬಿಯನ್ನು ಕೈಗೆತ್ತಿಕೊಂಡಾಗ ಗಂಟೆ ಒಂದೂವರೆ. ಅದರಲ್ಲೂ ಫ್ಯೂಸ್ ಹೋಗಿತ್ತು. ಅದಕ್ಕೂ ತಂತಿ ಬೆಸೆದ. ಪ್ಲಗ್ ಹಾಕಿದಾಗ ಫ್ಯಾನ್ ಕರಕರ ಎನ್ನುತ್ತ ತಿರುಗಿತು. ಆ ಸದ್ದು ಎಲ್ಲಿಯದೆಂದು ನೋಡಲು ಅವನು ಪ್ಲಗ್ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ಹಲಗೆಯನ್ನು ಬುಡಸಮೇತ ಮೇಲಕ್ಕೆತ್ತಿದ. ಸಾಮಾನ್ಯವಾಗಿ ಅಷ್ಟು ದೂರ ಯಾರೂ ಹೋಗುವುದಿಲ್ಲ.

ಹಲಗೆಗೂ ಡಬ್ಬಿಯ ತಗಡಿಗೂ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇರಬೇಕು. ಒಳಗಿನ ಕರೆಂಟು ತಗಡಿಗೆ ತಾಗದಂತೆ ತಡೆಯುವುದು ಅದೊಂದೇ. ಆ ಹಾಳೆ ಬಿಸಿಗೆ ಒಣಗಿ, ಸುಟ್ಟ ಕಾಗದದ ಹಾಗೆ ಪುಡಿಪುಡಿಯಾಗಿತ್ತು. ಅದರ ಕೆಳಗೆ ತಗಡಿನ ಮೇಲೊಂದು ಕಪ್ಪು ಚುಕ್ಕೆ. ಬೆಸುಗೆಯ ಒಂದು ಮೊನೆ ನೇರವಾಗಿ ಅಲ್ಲಿಗೆ ತಾಗುತ್ತಿತ್ತು.

ಅವನು ಹಲಗೆಯನ್ನು ಮೊದಲಿನಂತೆ ಕೂರಿಸಿ, ಪ್ಲಗ್ ಹಾಕಿ, ಟೆಸ್ಟರಿನ ತುದಿಯನ್ನು ಡಬ್ಬಿಯ ತಗಡಿಗೆ ತಾಗಿಸಿದ. ಹೀಗೆ ತಾಗಿಸಿದಾಗ ಟೆಸ್ಟರ್ ಮಿಣಮಿಣ ಎನ್ನುವುದು ಅವನಿಗೆ ಗೊತ್ತಿದ್ದದ್ದೇ. ಇದು ಮಿಣಮಿಣವಲ್ಲ. ಗೋಡೆಯ ತೂತಿಗೇ ಚುಚ್ಚಿದಂತೆ ಕೆಂಪಗೆ ಧಗ್ಗನೆ ಉರಿಯಿತು. ಫ್ಯಾನ್ ಮಾತ್ರ ಏನೂ ಆಗದಂತೆ ತಿರುಗುತ್ತಲೇ ಇತ್ತು.

ಹಾಗಾದರೆ ಆ ಆಫೀಸಿನಲ್ಲಿ ಫ್ಯೂಸ್ ಸುಮ್ಮನೆ ಸುಟ್ಟಿರಲಿಲ್ಲ. ಅವನ ಅಂಗಡಿಯಲ್ಲಿಲ್ಲದ ಅರ್ಥಿಂಗ್ ಅಲ್ಲಿತ್ತು. ತಗಡಿಗೆ ಹತ್ತಿದ ಕರೆಂಟು ಪ್ಲಗ್ಗಿನ ಮೂರನೆಯ ಪಿನ್ನಿನಿಂದ ನೆಲಕ್ಕೆ ಇಳಿದುಹೋಗಿತ್ತು, ಅದರ ರಭಸಕ್ಕೆ ಫ್ಯೂಸ್ ಸತ್ತು ಮನುಷ್ಯರನ್ನು ಉಳಿಸಿತ್ತು. ಅವನು ಆ ಫ್ಯೂಸಿನ ಜಾಗಕ್ಕೆ ತಂತಿ ಹಾಕಿದ್ದ. ಮತ್ತು ಆ ಕೋಣೆಯಲ್ಲಿ ಮೂರನೆಯ ಪಿನ್ನು ಇರಲಿಲ್ಲ. ಅದನ್ನು ಕೊಯ್ದವನೂ ಅವನೇ.

ಆರು ತಿಂಗಳ ಹಿಂದಿನ ಮಾತು. ದಾನಕ್ಕೆ ಬಂದ ಎಂಟು ಕಂಪ್ಯೂಟರುಗಳನ್ನು ಒಂದೇ ಸಾಲಿನ ಬೋರ್ಡಿಗೆ ಜೋಡಿಸಿ ನೋಡಿದರೆ, ಆ ಬೋರ್ಡಿನ ಪ್ಲಗ್ಗು ಮೂರು ಪಿನ್ನಿನದು, ಹಳೆಯ ಕಟ್ಟಡದ ಗೋಡೆಯಲ್ಲಿದ್ದದ್ದು ಎರಡೇ ತೂತು. ಪಾಠಕ್ಕೆ ತಡವಾಗುತ್ತಿದೆ, ಕಟ್ಟಡದವರನ್ನು ಇನ್ನೊಮ್ಮೆ ಕೇಳುತ್ತೇನೆ ಎಂದರು ಟೀಚರಮ್ಮ. ಅವನು ಬೇಡ ಬಿಡಿ ಎಂದ. ಕರೆಂಟು ಬರುವುದು ಒಂದರಲ್ಲಿ, ಹೋಗುವುದು ಇನ್ನೊಂದರಲ್ಲಿ, ಈ ದಪ್ಪ ಪಿನ್ನು ಇರುವುದು ಬರೀ ಶೋಕಿಗೆ ಎಂದು ಹೇಳಿ, ಗರಗಸದಿಂದ ಎರಡು ನಿಮಿಷದಲ್ಲಿ ಕೊಯ್ದು ಕಿಸೆಗೆ ಹಾಕಿಕೊಂಡಿದ್ದ. ಅವನಿಗೆ ಕೆಲಸ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಕಸುಬಿನಲ್ಲಿ ಯಾರೂ ಅದನ್ನು ತಪ್ಪೆಂದು ಹೇಳಿದ್ದು ಅವನು ಕೇಳಿರಲಿಲ್ಲ.

ಒಂದೇ ಬೋರ್ಡು. ಎಂಟು ಯಂತ್ರಗಳ ತಗಡುಗಳೂ ಅದರೊಳಗಿನ ಮೂರನೆಯ ತಂತಿಯಿಂದ ಒಂದಕ್ಕೊಂದು ಸೇರಿಕೊಂಡಿದ್ದವು, ನೆಲಕ್ಕೆ ಮಾತ್ರ ಸೇರಿರಲಿಲ್ಲ. ಐದನೆಯದರಲ್ಲಿ ಕರೆಂಟು ತಗಡಿಗೆ ಹತ್ತಿದರೆ ಎಂಟಕ್ಕೂ ಹತ್ತಿತು. ಕೂತವರು ಬರಿಗಾಲಲ್ಲಿ. ಊಟದ ಹೊತ್ತಿಗೆ ನೆಲ ಒರೆಸುತ್ತಾರೆ, ಎರಡು ಗಂಟೆಗೂ ಸಿಮೆಂಟ್ ತೇವವಾಗಿಯೇ ಇರುತ್ತದೆ. ಎರಡಕ್ಕೆ ಮತ್ತೆ ಪಾಠ.

ಟೀಚರಮ್ಮನಿಗೆ ಫೋನ್ ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಪಾಠವಿರುವ ದಿನ ಆಕೆಯ ಫೋನು ಮೇಜಿನ ಡ್ರಾಯರಿನಲ್ಲಿ ಬಾಯಿ ಮುಚ್ಚಿಕೊಂಡು ಮಲಗಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ಸಲ ಮಾಡಿದ. ಎರಡಕ್ಕೆ ಹತ್ತು ನಿಮಿಷವಿತ್ತು. ಅಂಗಡಿಯ ಬಾಗಿಲನ್ನು ಹಾಕದೆಯೇ ಸ್ಕೂಟರ್ ಹತ್ತಿದ.

ದಾರಿಯುದ್ದಕ್ಕೂ ಅವನೊಳಗೆ ಇಬ್ಬರು ಮಾತನಾಡುತ್ತಿದ್ದರು. ಇಷ್ಟು ದಿನ ಏನೂ ಆಗಲಿಲ್ಲ, ಇವತ್ತೇ ಆಗಬೇಕೆಂದಿದೆಯೇ, ಮೊದಲು ಹಾಕಿದ ಡಬ್ಬಿಯ ಹಾಳೆ ಗಟ್ಟಿಯಾಗಿಯೇ ಇರಬಹುದು ಎಂದು ಒಬ್ಬ ಸಮಾಧಾನ ಹೇಳುತ್ತಿದ್ದ. ಇನ್ನೊಬ್ಬ, ನೀನು ನೋಡಿದೆಯಾ, ಬುಡ ಎತ್ತಿ ನೋಡಿದೆಯಾ ಎಂದಷ್ಟೇ ಕೇಳುತ್ತಿದ್ದ. ನಡುನಡುವೆ ಹೋಗಿ ಏನು ಹೇಳುವುದೆಂಬ ಯೋಚನೆ. ಒಂದು ಸ್ಕ್ರೂ ಹಾಕುವುದು ಮರೆತೆ ಎನ್ನಬಹುದು. ಸ್ಕ್ರೂ ಹಾಕುವ ನೆಪದಲ್ಲಿ ಡಬ್ಬಿ ಬದಲಿಸಿ ಬಂದರೆ ಯಾರಿಗೂ ತಿಳಿಯುವುದಿಲ್ಲ. ಆ ಕೋಣೆಯಲ್ಲಿ ನೋಡುವವರು ಯಾರಿದ್ದಾರೆ?

ವೃತ್ತದ ಹತ್ತಿರ ಬಂದಾಗ ಸಿಗ್ನಲ್ ದೀಪಗಳು ಸತ್ತಿದ್ದವು. ಬೇಕರಿಯ ಒಳಗೆ ಕತ್ತಲೆ, ಪಕ್ಕದ ಜೆರಾಕ್ಸ್ ಅಂಗಡಿಯವನು ಬಾಗಿಲಲ್ಲಿ ನಿಂತು ಬೀಸಣಿಗೆಯಾಡಿಸುತ್ತಿದ್ದ. ಕರೆಂಟ್ ಹೋಗಿದೆ! ಅವನ ಕಣ್ಣಲ್ಲಿ ನೀರು ಬಂತು. ಆದರೆ ಮರುಕ್ಷಣವೇ ಸ್ಕೂಟರಿನ ವೇಗ ಹೆಚ್ಚಿಸಿದ. ಕರೆಂಟ್ ಹೋದರೆ ಆ ಎಂಟು ಜನ ಏನು ಮಾಡುತ್ತಾರೆ ಎಂಬುದು ನೆನಪಾಗಿತ್ತು. ಅಂಗೈಯನ್ನು ತಗಡಿನ ಮೇಲೆ ಊರಿ ಕಾಯುತ್ತಾರೆ. ಅದನ್ನು ಕಲಿಸಿದವನು ತಾನು.

ಹುಟ್ಟಿದ ಮೇಲೆ ಮೊದಲ ಸಲ ಅವನು ಕರೆಂಟ್ ಬರದಿರಲಿ ಎಂದು ಬೇಡಿಕೊಂಡ. ಇನ್ನು ಐದು ನಿಮಿಷ, ಇನ್ನು ನಾಲ್ಕು ನಿಮಿಷ. ಪ್ರತಿ ಅಂಗಡಿಯ ಮುಂದೆ ಹಾಯುವಾಗಲೂ ಒಳಗೆ ದೀಪ ಹತ್ತಿತೇ ಎಂದು ನೋಡುತ್ತಿದ್ದ. ಎದುರಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ. ಗೇಟಿನ ಬಳಿ ಸ್ಕೂಟರನ್ನು ನಿಲ್ಲಿಸಲು ಪುರಸೊತ್ತಿಲ್ಲದೆ ಹಾಗೇ ಬೀಳಿಸಿ, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ.

ಕೋಣೆಯಲ್ಲಿ ಅವನು ಹೆದರಿದ ಹಾಗೆಯೇ ಇತ್ತು. ಎಂಟು ಜನ, ಎಂಟು ಬಲಗೈಗಳು, ಎಂಟು ತಗಡಿನ ಪೆಟ್ಟಿಗೆಗಳ ಮೇಲೆ. ಪಾದಗಳೆಲ್ಲ ನೆಲಕ್ಕಂಟಿದ್ದವು, ನೆಲ ಹೊಳೆಯುತ್ತಿತ್ತು. ಟೀಚರಮ್ಮ ಮೇಜಿನ ಬಳಿ ನಿಂತು ಯಾವುದೋ ಪತ್ರದ ಒಕ್ಕಣೆ ಹೇಳಿಕೊಡುತ್ತಿದ್ದರು.

“ಕೈ ತೆಗೀರಿ. ಎಲ್ಲರೂ ಕೈ ತೆಗೀರಿ.”

ಅವನ ದನಿ ಅವನಿಗೇ ಗುರುತು ಸಿಗದಂತಿತ್ತು. ಯಾರೋ ಹೊಸಬರು ಬಂದರೆಂದು ಕೆಲವರು ಮುಖ ತಿರುಗಿಸಿದರು, ಕೈಗಳು ಮಾತ್ರ ಇದ್ದಲ್ಲೇ ಇದ್ದವು. ಕರೆಂಟ್ ಇನ್ನೂ ಬಂದಿಲ್ಲ, ಕೈ ತೆಗೆದರೆ ಬಂದದ್ದು ಗೊತ್ತಾಗುವುದು ಹೇಗೆ ಎಂದು ಹಿಂದಿನಿಂದ ಯಾರೋ ನಗುತ್ತ ಕೇಳಿದರು. ವಿವರಿಸುವ ಹೊತ್ತು ಅದಲ್ಲ. ಅವನು ಬೆಂಚುಗಳ ನಡುವೆ ನುಗ್ಗಿ, ಒಂದು ಕುರ್ಚಿಯನ್ನು ಕೆಡವಿ, ಗೋಡೆಯ ಪ್ಲಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ. ಕಿತ್ತು ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ.

ನಾಲ್ಕು ಉಸಿರು ತೆಗೆದುಕೊಂಡಿರಬಹುದು. ತಲೆಯ ಮೇಲಿನ ಟ್ಯೂಬ್‌ಲೈಟು ಪಿಳಿಪಿಳಿ ಎಂದು ಎರಡು ಸಲ ಮಿನುಗಿ, ಬೆಳ್ಳಗೆ ಹತ್ತಿಕೊಂಡಿತು.

ಆ ಬೆಳಕನ್ನು ಕಂಡದ್ದು ಅವನೊಬ್ಬನೇ. ಎಂಟು ಜನರ ಕೈಗಳು ಇನ್ನೂ ಪೆಟ್ಟಿಗೆಗಳ ಮೇಲೆ ತಣ್ಣಗೆ ಕಾಯುತ್ತಿದ್ದವು. ಮೊದಲ ಬೆಂಚಿನಲ್ಲಿ ಟೈಲರ್ ಅಕ್ಕನ ಬೆರಳುಗಳು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ಬೆರಳುಗಳು, ತಗಡಿನ ಅಂಚನ್ನು ಹಿಡಿದಿದ್ದವು. ಅವನಿಗೆ ಅಳು ಒತ್ತರಿಸಿ ಬಂತು. ಈಗಲೂ ಎದ್ದು, ಸ್ಕ್ರೂ ಮರೆತಿದ್ದೆ ಎಂದು ಹೇಳಬಹುದಿತ್ತು. ಯಾರೂ ಅನುಮಾನಿಸುತ್ತಿರಲಿಲ್ಲ.

“ಏನಾಯ್ತು? ಯಾಕೆ ಹೀಗೆ ಓಡಿ ಬಂದಿರಿ?” ಟೀಚರಮ್ಮ ಕೇಳಿದರು.

“ಕರೆಂಟ್ ಬಂತು ಮೇಡಂ” ಎಂದ ಅವನು.

“ಇಲ್ಲವಲ್ಲ, ನನಗೇನೂ ಜುಮ್ ಅನ್ನಲಿಲ್ಲ” ಎಂದರು ಟೈಲರ್ ಅಕ್ಕ.

ಅವನು ಪ್ಲಗ್ಗನ್ನು ಹಿಡಿದುಕೊಂಡೇ ಅವರ ಬಳಿ ಹೋಗಿ, ಅವರ ಕೈಯನ್ನು ತಗಡಿನ ಮೇಲಿಂದ ಎತ್ತಿ, ಅಂಗೈಯಲ್ಲಿ ಪ್ಲಗ್ಗನ್ನಿಟ್ಟ. ಅವರು ಅದರ ಮೇಲೆ ಬೆರಳಾಡಿಸಿದರು. ಎರಡು ಪಿನ್ನುಗಳನ್ನು ಮುಟ್ಟಿದರು. ಅವುಗಳ ಮೇಲ್ಗಡೆ ಬೆರಳು ನಿಂತಿತು. ಅಲ್ಲಿ ಚೂಪಾಗಿ ಉಳಿದಿದ್ದ ಹಿತ್ತಾಳೆಯ ಮೋಟನ್ನು ಎರಡು ಸಲ ಸವರಿದರು.

“ಇಲ್ಲಿ ಇನ್ನೊಂದಿತ್ತು. ಕೊಯ್ದಿದ್ದಾರೆ” ಎಂದರು. “ಯಾರು?”

“ನಾನೇ ಅಕ್ಕ.”

ಆಮೇಲೆ ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಕೊಯ್ದ ಪಿನ್ನಿನ ಕೆಲಸವೇನು ಎಂಬುದನ್ನು, ಫ್ಯೂಸಿನ ಜಾಗದಲ್ಲಿ ಹಾಕಿದ ತಂತಿಯನ್ನು, ಪುಡಿಯಾಗಿದ್ದ ಹಾಳೆಯನ್ನು, ಟೆಸ್ಟರ್ ಉರಿದದ್ದನ್ನು. ಜುಮ್ಮೆನ್ನುವುದು ಯಂತ್ರದ ಚೇಷ್ಟೆಯಲ್ಲ, ದಾರಿ ಸಿಗದ ಕರೆಂಟು ನಿಮ್ಮ ಮೈಯನ್ನೇ ದಾರಿ ಮಾಡಿಕೊಳ್ಳಲು ನೋಡುತ್ತಿತ್ತು ಎಂದ. ಕೊನೆಗೆ ಟ್ಯೂಬ್‌ಲೈಟು ಯಾವಾಗ ಹತ್ತಿತು ಎಂಬುದನ್ನೂ ಹೇಳಿದ. ಪ್ಲಗ್ಗು ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತ, ಬೋರ್ಡಿನ ವೈರು ಎಳೆದಷ್ಟು ದೂರ ಹೋಯಿತು. ಉಳಿದವರು ಎದ್ದು ಬಂದು ಮುಟ್ಟಿದರು. ಒಬ್ಬಳು ತನ್ನ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು.

ಬೇಕೆಂದು ಮಾಡಿದ್ದಲ್ಲ ಮೇಡಂ, ಎಲ್ಲ ಕಡೆಯೂ ಹೀಗೇ ಮಾಡುತ್ತಾರೆ, ಗೋಡೆಯಲ್ಲಿ ತೂತು ಎರಡೇ ಇತ್ತು, ಕಾಯುತ್ತ ಕೂತರೆ ಪಾಠ ಶುರುವಾಗುವುದು ಯಾವಾಗ ಎಂದು ನೀವೂ ಅವಸರ ಮಾಡಿದಿರಿ ಎಂದು ಅವನು ತಡವರಿಸಿದ. ಅದರಲ್ಲಿ ಸುಳ್ಳಿರಲಿಲ್ಲ. ಟೀಚರಮ್ಮ ಅದನ್ನು ಒಪ್ಪಿಕೊಂಡರು. ಅವಸರ ತಮ್ಮದೂ ಹೌದು, ಕಟ್ಟಡದವರನ್ನು ಎರಡನೆಯ ಸಲ ಕೇಳದೆ ಬಿಟ್ಟದ್ದೂ ಹೌದು ಎಂದರು. ಆಮೇಲೆ ದನಿ ಏರಿಸದೆಯೇ ಹೇಳಿದರು:

“ಆದರೆ ಅಕ್ಕ ನಾಲ್ಕು ತಿಂಗಳಿಂದ ಹೇಳ್ತಾ ಇದ್ದರು. ನೀವು ನಕ್ಕಿರಿ, ನೀವು ನಕ್ಕಿದ್ದಕ್ಕೆ ನಾವೂ ನಕ್ಕೆವು. ಕಣ್ಣಿರೋರಿಗೆ ಗೊತ್ತಿರುತ್ತೆ ಅಂದುಕೊಂಡೆವು.”

ಅವನು ತಲೆ ತಗ್ಗಿಸಿದ. ತಗ್ಗಿಸಿದ್ದು ಯಾರಿಗೂ ಕಾಣುವುದಿಲ್ಲವೆಂದು ಹೊಳೆದು, “ತಪ್ಪಾಯ್ತು” ಎಂದು ಬಾಯಿಬಿಟ್ಟು ಹೇಳಿದ. ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಎಳೆದು, ಮೂರು ತೂತಿನ ಸಾಕೆಟ್ ಹಾಕುವವರೆಗೆ ಈ ಪ್ಲಗ್ಗನ್ನು ಯಾರೂ ಮುಟ್ಟಬಾರದೆಂದೂ, ಫ್ಯೂಸಿಲ್ಲದ ಡಬ್ಬಿಯನ್ನು ಈಗಲೇ ಬಿಚ್ಚಿ ಕೊಂಡುಹೋಗುತ್ತೇನೆಂದೂ ಹೇಳಿದ.

“ಇನ್ನೆಲ್ಲೆಲ್ಲಿ ಕೊಯ್ದಿದ್ದೀಯಪ್ಪ?” ಟೈಲರ್ ಅಕ್ಕ ಕೇಳಿದರು.

ಅದನ್ನು ಅವನು ಎಂದೂ ಎಣಿಸಿರಲಿಲ್ಲ. ಟೀಚರಮ್ಮ ಮೇಜಿನ ಮೇಲೆ ಕೈಯಾಡಿಸಿ ಬ್ರೈಲ್ ಪಟ್ಟಿಯನ್ನೂ ಮೊಳೆಯಂಥ ಕಡ್ಡಿಯನ್ನೂ ಎತ್ತಿಕೊಂಡರು. ದಪ್ಪ ಕಾಗದ ಸಿಕ್ಕಿಸಿ, “ಹೇಳಿ, ಬರೆದುಕೊಳ್ತೀನಿ” ಎಂದರು.

ಅವನು ಹೇಳತೊಡಗಿದ. ವೃತ್ತದ ಜೆರಾಕ್ಸ್ ಅಂಗಡಿ. ಕಡ್ಡಿ ಕಾಗದವನ್ನು ಚುಚ್ಚುವ ಸದ್ದು ಟಕಟಕ ಕೇಳಿಸಿತು. ಮೆಡಿಕಲ್ ಶಾಪಿನ ಬಿಲ್ಲು ಮಾಡುವ ಕಂಪ್ಯೂಟರ್. ಟಕಟಕ. ಹಲ್ಲಿನ ಡಾಕ್ಟರ ಕೋಣೆ. ಬೇಕರಿಯ ಫ್ರಿಜ್ಜು. ಒಂದು ಟ್ಯೂಷನ್ ಮನೆಯ ನಾಲ್ಕು ಕಂಪ್ಯೂಟರುಗಳು, ಅಲ್ಲಿ ಬರುವವರು ಮಕ್ಕಳು ಎನ್ನುವಾಗ ಅವನ ಮಾತು ತೊದಲಿತು. ಒಂದೊಂದು ಜಾಗ ಹೇಳುವಾಗಲೂ ಅಲ್ಲಿನ ಮುಖಗಳು ಕಣ್ಣ ಮುಂದೆ ಬರುತ್ತಿದ್ದವು. ಒಂಬತ್ತಾಯಿತು. ಅವನು ನಿಲ್ಲಿಸಿದ.

“ಮುಂದೆ?”

ಟೀಚರಮ್ಮ ಕಡ್ಡಿ ಎತ್ತಿ ಹಿಡಿದು ಕಾದರು.

“ನಮ್ಮನೆ” ಎಂದ ಅವನು ಕೊನೆಗೆ. “ವಾಷಿಂಗ್ ಮೆಷಿನ್. ಒದ್ದೆ ಕೈಯಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ನಮ್ಮ ಮನೆಯವಳು ಹೇಳ್ತಾನೇ ಇರ್ತಾಳೆ. ಚಪ್ಪಲಿ ಹಾಕ್ಕೊ ಅಂತ ನಾನೂ ಹೇಳ್ತಾನೇ ಇರ್ತೀನಿ.”

“ಬಟ್ಟೆ ಒಗೆಯೋದು ಯಾವ ಹೊತ್ತಿಗೆ?” ಎಂದು ಕೇಳಿದರು ಟೈಲರ್ ಅಕ್ಕ.

ಅವನು ಕೈಗಡಿಯಾರ ನೋಡಿದ. ಎರಡೂಕಾಲು. ಕರೆಂಟ್ ಬಂದು ಹತ್ತು ನಿಮಿಷವಾಗಿತ್ತು. ಜೇಬಿನಿಂದ ಫೋನ್ ತೆಗೆಯುವಾಗ ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಮನೆಗೆ ಮಾಡಿದ. ಫೋನಿನೊಳಗಿನ ಗಂಟೆ ಎಲ್ಲರಿಗೂ ಕೇಳಿಸುತ್ತಿತ್ತು. ಐದು ಸಲ ಹೊಡೆಯಿತು, ಆರು ಸಲ, ಏಳು ಸಲ. ಅವನು ನಿಂತಲ್ಲಿ ನಿಲ್ಲಲಾಗದೆ ಬಾಗಿಲ ಕಡೆ ತಿರುಗಿದ. ಟೈಲರ್ ಅಕ್ಕ ಅವನ ತೋಳನ್ನು ತಡಕಿ ಗಟ್ಟಿಯಾಗಿ ಹಿಡಿದುಕೊಂಡರು. ಒಂಬತ್ತನೆಯ ಸಲಕ್ಕೆ ಆ ಕಡೆಯಿಂದ ದನಿ ಬಂತು.

“ಏನ್ರೀ? ಕೈ ಒದ್ದೆ ಇದೆ, ಬೇಗ ಹೇಳಿ.”

“ಮೆಷಿನ್ ಮುಟ್ಟಿದೆಯಾ?”

“ಇನ್ನೂ ಇಲ್ಲ. ಕರೆಂಟ್ ಈಗ ಬಂತು. ಬಟ್ಟೆ ಹಾಕೋಣ ಅಂತಿದ್ದೆ. ಯಾಕೆ?”

“ಮುಟ್ಟಬೇಡ. ಹತ್ತಿರ ಹೋಗಬೇಡ. ಕೈ ಒರೆಸಿಕೊಂಡು ಮೇನ್ ಸ್ವಿಚ್ ಆಫ್ ಮಾಡಿ ಹೊರಗೆ ಕೂತ್ಕೊ, ನಾನು ಬರ್ತೀನಿ.”

ಅವಳು ನಿಧಾನವಾಗಿ ಕೇಳಿದಳು, “ಆ ಜುಮ್ ಅನ್ನೋದಕ್ಕಾ? ನಾನು ಎಷ್ಟು ಸಲ ಹೇಳಿದೆ, ನೀವು ಏನೂ ಆಗಲ್ಲ ಅಂದಿರಿ.”

ಒಂಬತ್ತು ಜನ ಕೇಳಿಸಿಕೊಳ್ಳುತ್ತಿದ್ದರು. ಅವನಿಗೆ ಅದು ಗೊತ್ತಿತ್ತು.

“ಹೌದು” ಎಂದ. “ನೀನು ಹೇಳಿದ್ದು ಸರಿ. ನನಗೆ ಗೊತ್ತಿರಲಿಲ್ಲ.”